ಬಂಕಿನ ಬೋರ್ಡು ನೋಡಿ ಕಾರು ಕೊಳ್ಳಬೇಡಿ, ಯಜಮಾನ್ರೇ!

ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಒಂದು ಪಾತ್ರೆ ಅಂಗಡಿ. ಯಜಮಾನರಿಗೆ ಐವತ್ತು ದಾಟಿದೆ. ಇಷ್ಟು ವರ್ಷ ಸ್ಕೂಟರಿನಲ್ಲೇ ಸಂಸಾರ, ವ್ಯಾಪಾರ ಎರಡನ್ನೂ ಎಳೆದವರು. ಮೊನ್ನೆ ಸಂಜೆ ಅಂಗಡಿ ಮುಂದೆ ಹೋಗುತ್ತಿದ್ದ ನನ್ನನ್ನು ಕೂಗಿ ಕೂರಿಸಿಕೊಂಡರು. ಕಾಫಿ ಬಂತು. ಕಾಫಿಯ ಹಿಂದೆಯೇ ಪ್ರಶ್ನೆಯೂ ಬಂತು.

"ಏನಪ್ಪಾ, ಪೇಪರಿನಲ್ಲಿ ಊರಿಗೆಲ್ಲ ಬುದ್ಧಿ ಹೇಳ್ತೀಯ. ನನಗೊಂದು ಹೇಳು. ಮನೇಲಿ ಕಾರು ತಗೊಳ್ಳಲೇಬೇಕು ಅಂತ ಹಟ ಹಿಡಿದಿದಾರೆ. ಮಗ ಡೀಸೆಲ್ ಅಂತಾನೆ. ಪೆಟ್ರೋಲಿಗಿಂತ ಲೀಟರಿಗೆ ಹತ್ತು ಹನ್ನೆರಡು ರೂಪಾಯಿ ಕಮ್ಮಿ, ಮೈಲೇಜೂ ಜಾಸ್ತಿ ಅಂತಾನೆ. ಶೋರೂಮಿನ ಹುಡುಗನೂ ಅದನ್ನೇ ಹೇಳ್ದ. ಗಾಡಿ ಬೆಲೆ ಒಂದೂವರೆ ಲಕ್ಷ ಜಾಸ್ತಿ ಬೀಳುತ್ತೆ. ಮಗಳ ಕಾಲೇಜಿಗೆ ಅಂತ ಹಾಕಿದ್ದ ಚೀಟಿ ಈ ತಿಂಗಳು ಎತ್ತಿದೀನಿ. ಅದನ್ನ ಸೇರಿಸಿ ಡೀಸೆಲ್ಲೇ ತಗೊಂಡುಬಿಡ್ಲಾ?"

ನಾನು ಒಂದೇ ಪ್ರಶ್ನೆ ಕೇಳಿದೆ: "ದಿನಕ್ಕೆ ಎಷ್ಟು ಕಿಲೋಮೀಟರ್ ಓಡಿಸ್ತೀರಿ ಯಜಮಾನ್ರೇ?"

ಅವರು ಬೆರಳು ಮಡಿಚಿ ಎಣಿಸಿದರು. ಮನೆ ಬನಶಂಕರಿ ಎರಡನೇ ಹಂತ. ಅಂಗಡಿ ಇಲ್ಲಿ. ವಾರಕ್ಕೆರಡು ಸಲ ಚಿಕ್ಕಪೇಟೆ. ಶನಿವಾರ ರಾಗಿಗುಡ್ಡದ ಆಂಜನೇಯ. ಎಲ್ಲ ಸೇರಿಸಿ ಸರಾಸರಿ ಹಾಕಿದರೂ ದಿನಕ್ಕೆ 20 ಕಿಲೋಮೀಟರ್ ದಾಟಲಿಲ್ಲ.

"ಹಾಗಾದ್ರೆ ಡೀಸೆಲ್ ಬೇಡ" ಅಂದೆ. ಯಜಮಾನರಿಗೆ ನಂಬಿಕೆ ಬರಲಿಲ್ಲ. ಕಮ್ಮಿ ಬೆಲೆಗೆ ಸಿಗೋದನ್ನ ಬೇಡ ಅನ್ನುವವನು ವ್ಯಾಪಾರ ತಿಳಿಯದವನು ಎಂಬಂತೆ ನೋಡಿದರು. ಅವರಿಗೆ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾಕೆಂದರೆ ಇದು ಅವರೊಬ್ಬರ ಪ್ರಶ್ನೆ ಅಲ್ಲ. ಜೆ.ಪಿ. ನಗರ, ಸಾರಕ್ಕಿ, ಬಿಟಿಎಂ ಎಲ್ಲಿ ಹೋದರೂ ಅಂಗಡಿ ಕಟ್ಟೆ ಮೇಲೆ ಇದೇ ಮಾತು.

ಅಡಿಕೆ ಅಂಗಡಿ ಲೆಕ್ಕ

ದೊಡ್ಡ ಲೆಕ್ಕ ಬೇಡ. ಅಂಗಡಿಯ ಗಲ್ಲಾಪೆಟ್ಟಿಗೆ ಲೆಕ್ಕ ಸಾಕು. 2025ರ ಏಪ್ರಿಲ್ 1ರಂದು ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ. 21.17ಕ್ಕೆ ಏರಿಸಿತು. ಆಗ ಬೆಂಗಳೂರಿನಲ್ಲಿ ಡೀಸೆಲ್ 91 ರೂಪಾಯಿ ಆಸುಪಾಸಿಗೆ ಬಂತು. ಪೆಟ್ರೋಲು 103ರ ಆಸುಪಾಸಿನಲ್ಲಿತ್ತು. ಆ ದರವನ್ನೇ ಹಿಡಿಯೋಣ. ಇವತ್ತಿನ ಬೋರ್ಡು ಬೇರೆ ಇದ್ದರೆ ನೀವೇ ತಿದ್ದಿಕೊಳ್ಳಿ.

ನಮ್ಮ ಟ್ರಾಫಿಕ್ಕಿನಲ್ಲಿ ಪೆಟ್ರೋಲ್ ಕಾರು ಲೀಟರಿಗೆ 12 ಕಿಲೋಮೀಟರ್, ಅದೇ ಗಾತ್ರದ ಡೀಸೆಲ್ ಕಾರು 15 ಕಿಲೋಮೀಟರ್ ಕೊಡುತ್ತೆ ಅಂತ ಇಟ್ಟುಕೊಳ್ಳಿ. ಕಂಪನಿಯವರು ಹೇಳೋ ಮೈಲೇಜು ಇದಕ್ಕಿಂತ ಜಾಸ್ತಿ ಇರುತ್ತೆ. ಆದರೆ ಅವರು ಸಿಲ್ಕ್ ಬೋರ್ಡಿನಲ್ಲಿ ನಿಂತು ಅಳೆದಿದ್ದಲ್ಲ.

ದಿನಕ್ಕೆ 20 ಕಿಲೋಮೀಟರ್, ತಿಂಗಳಿಗೆ 26 ದಿನ, ವರ್ಷಕ್ಕೆ 6,240 ಕಿಲೋಮೀಟರ್. ಪೆಟ್ರೋಲಾದರೆ 520 ಲೀಟರು, 53,560 ರೂಪಾಯಿ. ಡೀಸೆಲಾದರೆ 416 ಲೀಟರು, 37,856 ರೂಪಾಯಿ. ಉಳಿತಾಯ 15,704 ರೂಪಾಯಿ. ತಿಂಗಳಿಗೆ ಸಾವಿರದ ಮುನ್ನೂರು.

ಈಗ ಇನ್ನೊಂದು ಕಡೆ ನೋಡಿ. ಡೀಸೆಲ್ ಗಾಡಿಗೆ ಮೊದಲೇ ಸುರಿದ ಹೆಚ್ಚಿನ ಹಣ ಒಂದೂವರೆ ಲಕ್ಷ. ವರ್ಷಕ್ಕೆ 15,704ರಂತೆ ಅದು ವಾಪಸು ಬರೋಕೆ ಒಂಬತ್ತೂವರೆ ವರ್ಷ ಬೇಕು! ಅದೂ ಬಡ್ಡಿ ಹಾಕದೆ. ಆ ಒಂದೂವರೆ ಲಕ್ಷವನ್ನು ಬ್ಯಾಂಕಿನಿಂದ ಶೇ. 9ರ ಬಡ್ಡಿಗೆ ತಂದರೆ ಮೊದಲ ವರ್ಷದ ಬಡ್ಡಿಯೇ 13,500. ಉಳಿದದ್ದು ಎರಡು ಸಾವಿರದ ಚಿಲ್ಲರೆ. ಡೀಸೆಲ್ ಗಾಡಿಯ ಸರ್ವೀಸು ಪೆಟ್ರೋಲಿಗಿಂತ ದುಬಾರಿ, ವಿಮೆಯೂ ಗಾಡಿ ಬೆಲೆಯ ಮೇಲೆ ಏರುತ್ತೆ. ಆ ಎರಡು ಸಾವಿರ ಅಲ್ಲೇ ಕರಗಿಹೋಯಿತು.

ಲಾಭ ಎಲ್ಲಿ ಬಂತು ಸ್ವಾಮಿ? ಬಂಕಿನಲ್ಲಿ ಉಳಿಸಿದ್ದನ್ನು ಬ್ಯಾಂಕಿನಲ್ಲಿ ಕಟ್ಟಿದ್ದಾಯಿತು.

ಇನ್ನೂ ಒಂದು ಗುಟ್ಟಿದೆ. ಕರ್ನಾಟಕದಲ್ಲಿ ಕಾರಿನ ಲೈಫ್ ಟ್ಯಾಕ್ಸು ಗಾಡಿ ಬೆಲೆಯ ಮೇಲೆ ಶೇಕಡಾವಾರು. ಐದರಿಂದ ಹತ್ತು ಲಕ್ಷದ ಗಾಡಿಗೆ ಶೇ. 14. ಹತ್ತು ಲಕ್ಷ ದಾಟಿದರೆ ಶೇ. 17. ಸೆಸ್ಸು ಬೇರೆ. ಒಂಬತ್ತೂವರೆ ಲಕ್ಷದ ಪೆಟ್ರೋಲ್ ಗಾಡಿಗೆ 1,33,000 ರೂಪಾಯಿ ತೆರಿಗೆ. ಅದೇ ಗಾಡಿಯ ಡೀಸೆಲ್ ಮಾದರಿ ಹತ್ತು ಮುಕ್ಕಾಲು ಲಕ್ಷವಾದರೆ ತೆರಿಗೆ 1,82,750. ಎಂಜಿನ್ನಿಗೆ ಕೊಟ್ಟ ಹೆಚ್ಚಿನ ದುಡ್ಡಿನ ಮೇಲೆ ಸರ್ಕಾರಕ್ಕೂ ಅರ್ಧ ಲಕ್ಷ ಹೆಚ್ಚಿಗೆ ಹೋಯಿತು. ಹತ್ತು ಲಕ್ಷದ ಗಡಿಯ ಹತ್ತಿರ ಇರುವವರು ಈ ಲೆಕ್ಕ ಮೊದಲೇ ಹಾಕಿಸಿಕೊಳ್ಳಿ.

"ನನಗೆ ಜಿಎಸ್‌ಟಿ ನಂಬರ್ ಇದೆ, ಕಾರಿನ ತೆರಿಗೆ ಇನ್‌ಪುಟ್ಟಿನಲ್ಲಿ ವಾಪಸು ಬರುತ್ತೆ" ಅಂತ ಕೆಲವು ಅಂಗಡಿಯವರು ಅಂದುಕೊಂಡಿದ್ದಾರೆ. ಬರೋದಿಲ್ಲ. ಸ್ವಂತ ಓಡಾಟದ ಕಾರಿಗೆ ಆ ಸೌಲಭ್ಯ ಕಾನೂನಿನಲ್ಲೇ ಇಲ್ಲ. ಸರಕು ಸಾಗಿಸುವ ಗಾಡಿಗೆ ಇದೆ. ಡಿಕ್ಕಿಯಲ್ಲಿ ನಾಲ್ಕು ಪಾತ್ರೆ ಇಟ್ಟ ಮಾತ್ರಕ್ಕೆ ಕಾರು ಸರಕು ಗಾಡಿ ಆಗೋಲ್ಲ.

ಆ ಕಾಲ ಬೇರೆ, ಈ ಕಾಲ ಬೇರೆ

ಹಾಗಾದರೆ ಡೀಸೆಲ್ ಅಂದರೆ ಲಾಭ ಅನ್ನೋ ಮಾತು ಎಲ್ಲಿಂದ ಬಂತು? ಸುಳ್ಳಲ್ಲ, ಒಂದು ಕಾಲಕ್ಕೆ ಅದು ನಿಜವೇ ಆಗಿತ್ತು.

2010ರ ಜೂನಿನಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಬೆಲೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಡೀಸೆಲನ್ನು ಬಿಡಲಿಲ್ಲ. ರೈತನ ಪಂಪ್‌ಸೆಟ್ಟು, ಲಾರಿ, ಬಸ್ಸು ಇದರ ಮೇಲೆ ನಿಂತಿವೆ ಅಂತ ಅದರ ಬೆಲೆ ಹಿಡಿದಿಟ್ಟಿತು. 2012ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಪೆಟ್ರೋಲು 73 ರೂಪಾಯಿ, ಡೀಸೆಲ್ 41 ರೂಪಾಯಿ. ಲೀಟರಿಗೆ 32 ರೂಪಾಯಿ ವ್ಯತ್ಯಾಸ! ಬೆಂಗಳೂರಿನಲ್ಲೂ ಅದೇ ಧಾಟಿ. ಪೆಟ್ರೋಲಿಗೆ ನೂರು ರೂಪಾಯಿ ಕೊಡುವ ಕಡೆ ಡೀಸೆಲಿಗೆ 56 ಕೊಟ್ಟರೆ ಸಾಕಿತ್ತು. ಜನ ಬುದ್ಧಿವಂತರು, ಮುಗಿಬಿದ್ದರು. ಆ ಹೊತ್ತಿನಲ್ಲಿ ಹೊಸದಾಗಿ ಮಾರಾಟವಾದ ಕಾರುಗಳಲ್ಲಿ ಅರ್ಧದಷ್ಟು ಡೀಸೆಲ್. ಡೀಸೆಲ್ ಸ್ವಿಫ್ಟಿಗೆ ತಿಂಗಳುಗಟ್ಟಲೆ ಕಾಯಬೇಕಿತ್ತು.

2013ರ ಜನವರಿಯಿಂದ ತಿಂಗಳಿಗೆ ಅರ್ಧ ರೂಪಾಯಿಯಂತೆ ಏರಿಸುತ್ತಾ ಬಂದರು. 2014ರ ಅಕ್ಟೋಬರಿನಲ್ಲಿ ಡೀಸೆಲನ್ನೂ ಮಾರುಕಟ್ಟೆಗೆ ಬಿಟ್ಟರು. 2017ರ ಜೂನ್ 16ರಿಂದ ದಿನಾ ಬೆಳಿಗ್ಗೆ ಆರಕ್ಕೆ ಹೊಸ ಬೆಲೆ. 2020ರ ಜೂನ್ 24ರಂದು ದೆಹಲಿಯಲ್ಲಿ ಡೀಸೆಲ್ ಪೆಟ್ರೋಲಿಗಿಂತಲೇ ಕೆಲವು ಪೈಸೆ ದುಬಾರಿ ಆಯಿತು. ನಮ್ಮಲ್ಲಿ ಹಾಗಾಗಲಿಲ್ಲ, ಯಾಕೆಂದರೆ ರಾಜ್ಯದ ತೆರಿಗೆ ಡೀಸೆಲ್ ಮೇಲೆ ಕಮ್ಮಿ. ಅದೂ ಏರುತ್ತಿದೆ. 2024ರ ಜೂನಿನಲ್ಲಿ ಎರಡಕ್ಕೂ ಒಮ್ಮೆ ಏರಿಸಿದರು, 2025ರ ಏಪ್ರಿಲಿನಲ್ಲಿ ಡೀಸೆಲಿಗೆ ಮಾತ್ರ ಏರಿಸಿದರು. ನಾನು ಮೇಲೆ ಹಿಡಿದ ದರದಲ್ಲಿ ಪೆಟ್ರೋಲಿನ ನೂರಕ್ಕೆ ಡೀಸೆಲಿನ 88. ಐವತ್ತಾರು ಎಲ್ಲಿ, ಎಂಬತ್ತೆಂಟು ಎಲ್ಲಿ?

ಕಾರು ಮಾರುವ ಕಂಪನಿಗಳಿಗೆ ಇದು ನಮಗಿಂತ ಮೊದಲೇ ಗೊತ್ತಾಯಿತು. ದೇಶದಲ್ಲಿ ಅತಿ ಹೆಚ್ಚು ಕಾರು ಮಾರುವ ಮಾರುತಿ ಸುಜುಕಿ 2020ರ ಏಪ್ರಿಲ್ 1ರಿಂದ ಡೀಸೆಲ್ ಕಾರು ಮಾಡೋದನ್ನೇ ನಿಲ್ಲಿಸಿತು. ಅದೇ ದಿನ ಬಿಎಸ್ 6 ಎಂಬ ಹೊಗೆ ನಿಯಮ ಜಾರಿಗೆ ಬಂತು. ಸಣ್ಣ ಡೀಸೆಲ್ ಕಾರಿಗೆ ಆ ನಿಯಮದ ಸಾಮಾನು ಜೋಡಿಸಿದರೆ ಬೆಲೆ ಏರಿ ಕೊಳ್ಳುವವರೇ ಇರೋಲ್ಲ ಅನ್ನೋದು ಅವರ ಲೆಕ್ಕ. ಟಾಟಾ, ಮಹೀಂದ್ರಾ, ಹ್ಯುಂಡೈ, ಟೊಯೋಟದಂಥವರು ಡೀಸೆಲ್ ಬಿಟ್ಟಿಲ್ಲ, ಆದರೆ ಅವರ ಜೋರು ದೊಡ್ಡ ಗಾಡಿಗಳ ಮೇಲೆ. ಕಂಪನಿಯವರೇ ಸಣ್ಣ ಡೀಸೆಲ್ ಕಾರಿನಿಂದ ಕೈ ತೊಳೆದುಕೊಂಡ ಮೇಲೆ ನಾವು ಇನ್ನೂ 2012ರ ಬೋರ್ಡನ್ನೇ ತಲೆಯಲ್ಲಿಟ್ಟುಕೊಂಡು ಕೂತಿದ್ದೇವೆ.

ಮಸಿ ಬುಟ್ಟಿಯ ಕಥೆ

ಜೆ.ಪಿ. ನಗರದ ಒಂದು ಗ್ಯಾರೇಜಿನ ಮೆಕ್ಯಾನಿಕ್ಕನ್ನು ಕೇಳಿದೆ. "ಡೀಸೆಲ್ ಗಾಡಿ ಕೆಟ್ಟದ್ದಲ್ಲ ಅಣ್ಣಾ. ಅದನ್ನ ಅಂಗಡಿಗೂ ಮನೆಗೂ ಓಡಿಸೋದು ಕೆಟ್ಟದ್ದು" ಅಂದ. ಆತ ಹೇಳಿದ್ದು ಬಿಎಸ್ 6 ಗಾಡಿಗಳ ವಿಚಾರ.

ಈ ಗಾಡಿಗಳ ಹೊಗೆ ಕೊಳವೆಯಲ್ಲಿ ಒಂದು ಜಾಲರಿ ಇರುತ್ತೆ. ಡಿಪಿಎಫ್ ಅಂತಾರೆ. ಡೀಸೆಲಿನ ಕಪ್ಪು ಮಸಿಯನ್ನು ಅದು ಹಿಡಿದಿಟ್ಟುಕೊಳ್ಳುತ್ತೆ. ಅದಕ್ಕೇ ಹೊಸ ಡೀಸೆಲ್ ಕಾರು ಹಳೇ ಲಾರಿಯ ಹಾಗೆ ಕಪ್ಪು ಹೊಗೆ ಉಗುಳೋದಿಲ್ಲ. ಆದರೆ ಮಸಿ ತುಂಬಿದ ಮೇಲೆ? ಗಾಡಿಯೇ ಅದನ್ನು ಸುಟ್ಟು ಬೂದಿ ಮಾಡುತ್ತೆ. ಅದಕ್ಕೆ 600 ಡಿಗ್ರಿ ಆಸುಪಾಸಿನ ಶಾಖ ಬೇಕು. ಅಷ್ಟು ಶಾಖ ಏರಿ ನಿಲ್ಲಬೇಕಾದರೆ ಗಾಡಿ ಹದಿನೈದು ಇಪ್ಪತ್ತು ನಿಮಿಷ ತಡೆಯಿಲ್ಲದೆ ಒಳ್ಳೇ ವೇಗದಲ್ಲಿ ಓಡಬೇಕು.

ಈಗ ಹೇಳಿ, ನಮ್ಮ ಕಡೆ ಅಂಥ ರಸ್ತೆ ಎಲ್ಲಿದೆ? ಸೌತ್ ಎಂಡ್ ಸರ್ಕಲ್ಲಿನಿಂದ ಬನಶಂಕರಿ ಬಸ್ ಸ್ಟಾಂಡಿಗೆ ಹೋಗುವಷ್ಟರಲ್ಲಿ ಎಷ್ಟು ಸಿಗ್ನಲ್ಲು? ಟಾಮ್‌ಟಾಮ್ ಎಂಬ ವಿದೇಶಿ ಸಂಸ್ಥೆ 2024ನೇ ಸಾಲಿಗೆ ಲೆಕ್ಕ ಹಾಕಿದಾಗ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಹೋಗೋಕೆ ಸರಾಸರಿ 34 ನಿಮಿಷ ಬೇಕಾಗಿತ್ತು. ಗಂಟೆಗೆ ಸುಮಾರು 17.5 ಕಿಲೋಮೀಟರ್. ಸೈಕಲ್ಲಿಗಿಂತ ಒಂದು ಕೈ ಮೇಲು ಅಷ್ಟೆ. ಈ ವೇಗದಲ್ಲಿ ಮಸಿ ಸುಡೋಕೆ ಶುರುವಾಗುತ್ತೆ, ಅಷ್ಟರಲ್ಲಿ ಅಂಗಡಿ ಬಂತು, ಎಂಜಿನ್ ಆಫ್. ಮತ್ತೆ ಸಂಜೆ ಶುರು, ಮನೆ ಬಂತು, ಆಫ್. ಅರ್ಧ ಬೆಂದ ಅನ್ನದ ಹಾಗೆ.

ಕೊನೆಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹತ್ತುತ್ತೆ. ದೀಪ ಹತ್ತಿದರೆ ಊರ ಹೊರಗಿನ ರಸ್ತೆಯಲ್ಲಿ ಒಂದು ಸುತ್ತು ಓಡಿಸಿಕೊಂಡು ಬರಬೇಕು. ಅಂದರೆ ಮಸಿ ಸುಡೋಕೆ ಅಂತಲೇ ಕನಕಪುರ ರಸ್ತೆಯಲ್ಲಿ ಡೀಸೆಲ್ ಸುಡಬೇಕು! ಅಸಡ್ಡೆ ಮಾಡಿದರೆ ಗಾಡಿ ಎಳೆಯೋದು ನಿಲ್ಲಿಸುತ್ತೆ. ಸುಡಲು ಚಿಮ್ಮಿಸಿದ ಡೀಸೆಲ್ ಆಯಿಲಿಗೆ ಸೇರಿ ಆಯಿಲ್ ಕೆಡುತ್ತೆ. ಜಾಲರಿಯನ್ನೇ ಬದಲಾಯಿಸಬೇಕಾಗಿ ಬಂದರೆ ಮೂರು ನಾಲ್ಕು ವರ್ಷ ಬಂಕಿನಲ್ಲಿ ಉಳಿಸಿದ್ದು ಒಂದೇ ಬಿಲ್ಲಿನಲ್ಲಿ ಹೋಯಿತು ಅಂತಲೇ ತಿಳಿಯಿರಿ. ಮೂಗಿಗಿಂತ ಮೂಗುತಿ ಭಾರ.

ಇದನ್ನು ಶೋರೂಮಿನಲ್ಲಿ ಹೇಳ್ತಾರಾ? ಗಾಡಿಯ ಜೊತೆ ಕೊಡೋ ದಪ್ಪ ಪುಸ್ತಕದಲ್ಲಿ ಇಂಗ್ಲಿಷಿನಲ್ಲಿ ಬರೆದಿರುತ್ತೆ. ಓದೋರು ಯಾರು? ಗಾಡಿ ಮಾರುವ ಮುಂಚೆ "ದಿನಕ್ಕೆ ಎಷ್ಟು ಓಡಿಸ್ತೀರಿ?" ಅಂತ ಒಂದು ಮಾತು ಕೇಳೋದು, ಜಾಲರಿ ವಿಚಾರ ಕನ್ನಡದಲ್ಲಿ ಒಂದು ಚೀಟಿ ಕೊಡೋದು ಕಷ್ಟದ ಕೆಲಸವೇನಲ್ಲ. ಇದನ್ನು ಕಡ್ಡಾಯ ಮಾಡಬೇಕು ಅನ್ನೋದು ಈ ಅಂಕಣದ ಒತ್ತಾಯ.

ಪೆಟ್ರೋಲೂ ಗಂಗಾಜಲವಲ್ಲ

ಪೆಟ್ರೋಲಿನ ಪರ ವಕಾಲತ್ತು ಮಾಡ್ತಿದೀನಿ ಅಂದುಕೊಳ್ಳಬೇಡಿ. ಈಗ ಬಂಕಿನಲ್ಲಿ ಸಿಗೋ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತೆ. ಕಬ್ಬು, ಧಾನ್ಯದಿಂದ ತೆಗೆದದ್ದು. ಎಥೆನಾಲಿನಲ್ಲಿ ಶಕ್ತಿ ಕಮ್ಮಿ, ಅದರಿಂದ ಮೈಲೇಜು ಇಳಿಯುತ್ತೆ. ನೀತಿ ಆಯೋಗದ 2021ರ ವರದಿಯೇ ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ. 6ರಿಂದ 7ರಷ್ಟು ಇಳಿಯಬಹುದು ಅಂತ ಹೇಳಿತ್ತು. ಹೊಸ ಗಾಡಿಗಳಲ್ಲಿ ಇದಕ್ಕಿಂತ ಕಮ್ಮಿ. ನಮ್ಮ ಯಜಮಾನರ ಲೆಕ್ಕಕ್ಕೆ ಪೂರ್ತಿ ಶೇ. 7 ಸೇರಿಸಿದರೂ ವರ್ಷಕ್ಕೆ ನಾಲ್ಕು ಸಾವಿರ ಹೆಚ್ಚು. ಒಂದೂವರೆ ಲಕ್ಷದ ಲೆಕ್ಕ ಅದರಿಂದ ತಿರುಗೋದಿಲ್ಲ.

ಡೀಸೆಲ್ ಯಾರಿಗೆ ಸರಿ ಅಂತಲೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತೆ. ದಿನಾ ಊರ ಹೊರಗೆ ಸರಕಿನ ಆರ್ಡರು ಹಿಡಿಯೋಕೆ ಹೋಗೋ ವ್ಯಾಪಾರಿ ಇದ್ದಾರೆ ಅನ್ನಿ. ದಿನಕ್ಕೆ 80 ಕಿಲೋಮೀಟರ್, ಬಹುಪಾಲು ಹೆದ್ದಾರಿ. ವರ್ಷಕ್ಕೆ 24,960 ಕಿಲೋಮೀಟರ್. ಹೆದ್ದಾರಿಯಲ್ಲಿ ಪೆಟ್ರೋಲ್ ಗಾಡಿ 16, ಡೀಸೆಲ್ ಗಾಡಿ 20 ಕೊಟ್ಟರೆ ವರ್ಷಕ್ಕೆ 47,112 ರೂಪಾಯಿ ಉಳಿತಾಯ. ಒಂದೂವರೆ ಲಕ್ಷ ಮೂರು ವರ್ಷ ಚಿಲ್ಲರೆಯಲ್ಲಿ ವಾಪಸು. ಆಮೇಲೆ ಬರೋದೆಲ್ಲ ಲಾಭ. ಜಾಲರಿಯೂ ದಿನಾ ತಾನಾಗೇ ಸುಟ್ಟುಕೊಂಡು ಶುದ್ಧವಾಗಿರುತ್ತೆ. ಏಳೆಂಟು ಜನ ಕೂರಿಸಿಕೊಂಡು ಘಾಟಿ ಹತ್ತಿಸೋರಿಗೂ ಡೀಸೆಲಿನ ಎಳೆತವೇ ಬೇಕು. ಅಂಥವರು ಧಾರಾಳವಾಗಿ ಡೀಸೆಲ್ ಕೊಳ್ಳಲಿ. ಒಟ್ಟಿನಲ್ಲಿ ಕೇಳಬೇಕಾದ್ದು ಲೀಟರಿಗೆಷ್ಟು ಅಂತಲ್ಲ, ದಿನಕ್ಕೆಷ್ಟು ಓಟ ಅಂತ.

ದೆಹಲಿಯಿಂದ ಬಂದ ಅಗ್ಗದ ಗಾಡಿ

ಹೊಸದು ದುಬಾರಿ ಅಂದ ತಕ್ಷಣ ಬ್ರೋಕರು ಇನ್ನೊಂದು ದಾರಿ ತೋರಿಸ್ತಾನೆ. "ದೆಹಲಿ ಗಾಡಿ ಇದೆ ಸಾರ್, ದೊಡ್ಡ ಡೀಸೆಲ್, ಅರ್ಧ ರೇಟು." ಅದು ಯಾಕೆ ಅರ್ಧ ರೇಟು ಅಂತ ಅವನು ಹೇಳೋಲ್ಲ. ನಾನು ಹೇಳ್ತೀನಿ.

ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ಗಾಡಿ, 15 ವರ್ಷ ದಾಟಿದ ಪೆಟ್ರೋಲ್ ಗಾಡಿ ಓಡಿಸಬಾರದು ಅಂತ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶ ಮಾಡಿತು. ಸುಪ್ರೀಂ ಕೋರ್ಟು 2018ರ ಅಕ್ಟೋಬರಿನಲ್ಲಿ ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಇದಕ್ಕೆ ಒಂದಿಷ್ಟು ಸಡಿಲಿಕೆ ಬಂದಿದೆ. ಆದರೆ ಇಷ್ಟು ವರ್ಷ ಅಲ್ಲಿನ ಜನ ಹತ್ತು ವರ್ಷ ತುಂಬುವ ಮುಂಚೆ ಡೀಸೆಲ್ ಗಾಡಿಯನ್ನು ಸಿಕ್ಕ ಬೆಲೆಗೆ ಹೊರ ರಾಜ್ಯಕ್ಕೆ ಸಾಗಹಾಕಿದರು. ಆ ಗಾಡಿಗಳೇ ಇಲ್ಲಿಗೆ ಬರೋದು.

ಕರ್ನಾಟಕದಲ್ಲಿ ಹತ್ತು ವರ್ಷದ ನಿಯಮ ಇಲ್ಲ, ಸರಿ. ಆದರೆ ಅಲ್ಲಿನ ಆರ್‌ಟಿಓದಿಂದ ಎನ್‌ಓಸಿ ಬೇಕು. ಇಲ್ಲಿ ಗಾಡಿಯ ವಯಸ್ಸಿಗೆ ತಕ್ಕಂತೆ ಲೈಫ್ ಟ್ಯಾಕ್ಸು ಕಟ್ಟಿ ಕೆಎ ನಂಬರ್ ಮಾಡಿಸಬೇಕು. ಸಾಲ ಬಾಕಿ ಇದೆಯಾ, ದಂಡ ಬಾಕಿ ಇದೆಯಾ ನೋಡಬೇಕು. ಇಂಜೆಕ್ಟರು, ಟರ್ಬೊ ಕೈ ಕೊಡೋ ವಯಸ್ಸಿಗೆ ಬಂದಿರುತ್ತೆ. ಇಷ್ಟೆಲ್ಲ ಸೇರಿಸಿದರೆ ಅರ್ಧ ರೇಟು ಪೂರ್ತಿ ರೇಟಾಗುತ್ತೆ. ಕಾಗದ ಕೈಗೆ ಬರದೆ ಒಂದು ಪೈಸೆಯನ್ನೂ ಮುಂಗಡ ಕೊಡಬೇಡಿ.

ಬಸ್ಸಿನಲ್ಲಿ ಕೂತವರಿಗೂ ಒಂದು ಮಾತು

"ನಮಗೆ ಕಾರೂ ಇಲ್ಲ ಗೀರೂ ಇಲ್ಲ, ನಮಗ್ಯಾಕೆ ಈ ಪುರಾಣ?" ಅಂತ ಬನಶಂಕರಿಯಲ್ಲಿ ಬಸ್ಸಿಗೆ ಕಾಯುತ್ತಾ ಇದನ್ನು ಓದುವವರು ಕೇಳಬಹುದು. ಸಂಬಂಧ ಇದೆ ಸ್ವಾಮಿ. ಡೀಸೆಲನ್ನು ಅಷ್ಟು ವರ್ಷ ಅಗ್ಗವಾಗಿ ಇಟ್ಟದ್ದು ನಿಮ್ಮ ಹೆಸರು ಹೇಳಿ.

ನೆನಪಿಸಿಕೊಳ್ಳಿ, 2013ರ ಜನವರಿ. ಡೀಸೆಲನ್ನು ಸಗಟಾಗಿ ಕೊಳ್ಳುವವರು ಮಾರುಕಟ್ಟೆ ದರವನ್ನೇ ಕೊಡಬೇಕು ಅಂತ ಕೇಂದ್ರ ಹೇಳಿತು. ಸಗಟು ಗಿರಾಕಿಗಳ ಪಟ್ಟಿಯಲ್ಲಿ ಸಾರಿಗೆ ಸಂಸ್ಥೆಗಳೂ ಸೇರಿದವು. ಅವರಿಗೆ ಒಂದೇ ಏಟಿಗೆ ಲೀಟರಿಗೆ ಸುಮಾರು ಹತ್ತು ರೂಪಾಯಿ ಹೆಚ್ಚು. ಅದೇ ದಿನ ದೊಡ್ಡ ಡೀಸೆಲ್ ಕಾರಿನಲ್ಲಿ ಬಂಕಿಗೆ ಬಂದ ಸಾಹುಕಾರರಿಗೆ ಸಬ್ಸಿಡಿ ದರ! ಅರವತ್ತು ಜನ ಹೊತ್ತ ಬಸ್ಸಿಗೆ ದುಬಾರಿ ಡೀಸೆಲ್, ಒಬ್ಬರು ಕೂತ ಕಾರಿಗೆ ಅಗ್ಗದ ಡೀಸೆಲ್. 2022ರಲ್ಲಿ ಮತ್ತೆ ಸಗಟು ದರ ಬಂಕಿನ ದರಕ್ಕಿಂತ ಮೇಲೆ ಹೋಯಿತು. ಬಿಎಂಟಿಸಿ ಬಸ್ಸುಗಳು ತಮ್ಮ ಡಿಪೋ ಪಂಪು ಬಿಟ್ಟು ಹೊರಗಿನ ಬಂಕಿನಲ್ಲಿ ಡೀಸೆಲ್ ಹಾಕಿಸಿಕೊಂಡವು. ಬಂಕಿನವರು ಕೈ ಎತ್ತಿದಾಗ ಬಸ್ಸು ನಿಂತವು. ಕಾಯುತ್ತಾ ನಿಂತವರು ನೀವೇ.

ಸಗಟಿಗೆ ಕೊಂಡರೆ ಬೆಲೆ ಕಮ್ಮಿ ಅನ್ನೋದು ಯಾವ ಅಂಗಡಿಯವನಿಗಾದರೂ ಗೊತ್ತು. ಸಗಟಿಗೆ ಕೊಂಡವನಿಗೇ ಬೆಲೆ ಜಾಸ್ತಿ ಅನ್ನೋ ವ್ಯಾಪಾರ ಸರ್ಕಾರದ್ದೊಂದೇ. ಅದರ ಭಾರ ಕೊನೆಗೆ ಎಲ್ಲಿ ಬೀಳುತ್ತೆ? ಟಿಕೆಟ್ಟಿನ ಮೇಲೆ. 2025ರ ಜನವರಿ 5ರಿಂದ ಬಸ್ ದರ ಶೇ. 15 ಏರಿತು. ಡೀಸೆಲ್ ಖರ್ಚು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಮತ್ತೆ ಮೂರು ತಿಂಗಳಿಗೆ ಡೀಸೆಲ್ ತೆರಿಗೆಯೂ ಏರಿತು. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ಸಂತೋಷ. ಆದರೆ ದಿನಾ ದುಡ್ಡು ಕೊಟ್ಟು ಹತ್ತುವ ಗಂಡಸರಿಗೆ ಈ ಏರಿಕೆ ತಟ್ಟಿದೆ. ಕಾರಿಗೆ ಒಂದು ದರ, ಬಸ್ಸಿಗೆ ಅದಕ್ಕಿಂತ ಹೆಚ್ಚಿನ ದರ ಎಂಬ ಪರಿಸ್ಥಿತಿ ಇನ್ನೊಮ್ಮೆ ಬರಬಾರದು. ಬಸ್ಸಿನ ಡೀಸೆಲಿಗೆ ರಾಜ್ಯ ತನ್ನ ತೆರಿಗೆಯನ್ನಾದರೂ ಇಳಿಸಿಕೊಡಬೇಕು.

ಇನ್ನು ಹೊಗೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರ ಜೂನಿನಲ್ಲಿ ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತೆ ಅಂತ ಸ್ಪಷ್ಟವಾಗಿ ಹೇಳಿತು. ಆ ಹೊಗೆ ಕುಡಿಯೋರು ಯಾರು? ಗಾಜು ಏರಿಸಿಕೊಂಡು ಕಾರಿನಲ್ಲಿ ಕೂತವರಲ್ಲ. ಸ್ಟಾಪಿನಲ್ಲಿ ನಿಂತ ನೀವು, ಸಿಗ್ನಲ್ಲಿನ ಪೊಲೀಸಪ್ಪ, ಫುಟ್‌ಪಾತಿನ ಹೂವಿನಮ್ಮ, ಬಾಗಿಲು ತೆರೆದು ಕೂತ ಅಂಗಡಿಯವರು. ಬಸ್ಸಿನ ಹೊಗೆಯಾದರೂ ಅರವತ್ತು ಜನರ ಕೆಲಸಕ್ಕೆ ಆಗುವ ಹೊಗೆ. ಬಿಎಂಟಿಸಿಯಲ್ಲಿ ಸಾವಿರಕ್ಕೂ ಹೆಚ್ಚು ವಿದ್ಯುತ್ ಬಸ್ಸುಗಳು ಬಂದು ಅದೂ ಒಂದಿಷ್ಟು ಇಳಿದಿದೆ. ಅಂಗಡಿಗೆ ಮೂರು ಕಿಲೋಮೀಟರ್ ಹೋಗೋಕೆ ಡೀಸೆಲ್ ಕಾರು ತೆಗೆದು, ದೀಪ ಹತ್ತಿತು ಅಂತ ಗ್ಯಾರೇಜಿನಲ್ಲಿ ಆ ಜಾಲರಿಯನ್ನೇ ಕಿತ್ತೆಸೆಯೋರೂ ಇದ್ದಾರೆ. ಅಂಥ ಗಾಡಿಯ ಮಸಿ ನೇರ ನಿಮ್ಮ ಮೂಗಿಗೆ. ಹೊಗೆ ಪರೀಕ್ಷೆಯ ಚೀಟಿ ಕೊಡೋರು ಜಾಲರಿ ಇದೆಯಾ ಅಂತ ಬಗ್ಗಿ ನೋಡೋ ಪದ್ಧತಿ ಶುರುವಾಗಬೇಕು.

ನಮ್ಮ ಊರೇ ಪಾಠ

ಕೊನೆಗೊಂದು ನಮ್ಮ ಏರಿಯಾದ ಕಥೆ. ಬಸ್ಸಿನ ಬೋರ್ಡಿನಲ್ಲಿ ಮೈಕೋ ಲೇಔಟ್ ಅಂತ ಓದ್ತೀರಲ್ಲ, ಆ ಹೆಸರು ಬಂದಿದ್ದು ಆಡುಗೋಡಿಯ ಮೈಕೋ ಕಾರ್ಖಾನೆಯಿಂದ. 1951ರಲ್ಲಿ ಹುಟ್ಟಿದ ಕಂಪನಿ. ಪೆಟ್ರೋಲ್ ಗಾಡಿಗೆ ಬೇಕಾದ ಸ್ಪಾರ್ಕ್ ಪ್ಲಗ್ಗನ್ನೂ ಮಾಡಿತು, ಡೀಸೆಲ್ ಗಾಡಿಗೆ ಬೇಕಾದ ಪಂಪನ್ನೂ ಮಾಡಿತು. ದೇಶದ ಲಾರಿ, ಟ್ರಾಕ್ಟರುಗಳಲ್ಲಿ ಆಡುಗೋಡಿಯ ಪಂಪು ಓಡಿತು. ಬಿಟಿಎಂ ಕಡೆ ಎಷ್ಟೋ ಮನೆಗಳು ಎದ್ದಿದ್ದು ಆ ಸಂಬಳದಲ್ಲಿ. ಅದು ಪೆಟ್ರೋಲೋ ಡೀಸೆಲೋ ಅಂತ ಪಂಥ ಕಟ್ಟಲಿಲ್ಲ. ಯಾವ ಕೆಲಸಕ್ಕೆ ಯಾವುದೋ ಅದನ್ನು ಮಾಡಿತು. 2008ರಲ್ಲಿ ಬಾಷ್ ಅಂತ ಹೆಸರು ಬದಲಾಯಿಸಿತು. ಕಾರ್ಖಾನೆ ಕೆಲಸ ಬಿಡದಿ ಕಡೆ ಹೋಯಿತು. 2022ರಲ್ಲಿ ಆಡುಗೋಡಿಯ ಆ ಜಾಗದಲ್ಲಿ ಹೊಸ ತಾಂತ್ರಿಕ ಕ್ಯಾಂಪಸ್ ಉದ್ಘಾಟನೆ ಆಯಿತು. ಕಾಲ ಬದಲಾದಾಗ ಡೀಸೆಲ್ ಪಂಪು ಮಾಡಿದವರೇ ಜಾಗ ಬದಲಾಯಿಸಿದರು. ಕೊಳ್ಳುವ ನಾವು ಮಾತ್ರ ಹಳೇ ಲೆಕ್ಕ ಬಿಡೋಲ್ಲ ಅಂದರೆ ಹೇಗೆ?

ಪಾತ್ರೆ ಅಂಗಡಿ ಯಜಮಾನರು ಎಲ್ಲ ಕೇಳಿಸಿಕೊಂಡು ರದ್ದಿ ಹಾಳೆಯ ಮೇಲೆ ತಾವೇ ಒಮ್ಮೆ ಲೆಕ್ಕ ಹಾಕಿದರು. ಮತ್ತೊಮ್ಮೆ ಹಾಕಿದರು. ಹಾಳೆ ಮಡಿಚಿ ಜೇಬಿಗಿಟ್ಟುಕೊಂಡು, "ಮಗನಿಗೆ ತೋರಿಸ್ತೀನಿ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಹಾಗಾದ್ರೆ ಚೀಟಿ ದುಡ್ಡು ಮುಟ್ಟೋದು ಬೇಡ ಅಂತೀಯ" ಅಂದರು. ಬೇಡ ಅಂದೆ. ಮಗಳ ಕಾಲೇಜಿನ ದುಡ್ಡನ್ನು ಎಂಜಿನ್ನಿಗೆ ಹಾಕಿ ಒಂಬತ್ತೂವರೆ ವರ್ಷ ವಾಪಸಿಗೆ ಕಾಯೋ ವ್ಯಾಪಾರ ಯಾವ ಅಂಗಡಿಯವನೂ ಮಾಡಬಾರದು.

ನೀವೂ ಒಂದು ರದ್ದಿ ಹಾಳೆ ತಗೊಳ್ಳಿ. ಒಂದು ತಿಂಗಳು ನಿಮ್ಮ ಓಡಾಟ ಬರೆದಿಡಿ. ದಿನಕ್ಕೆ ಐವತ್ತು ದಾಟಿ ಹೆದ್ದಾರಿ ಹಿಡಿಯೋರಾದರೆ ಡೀಸೆಲಿನ ಲೆಕ್ಕ ಹಾಕಿ ನೋಡಿ. ಇಪ್ಪತ್ತರೊಳಗೆ ಇದ್ದರೆ ಪೆಟ್ರೋಲು. ಐದರೊಳಗೆ ಇದ್ದರೆ ಕಾರೇ ಯಾಕೆ ಅಂತ ಒಮ್ಮೆ ಯೋಚಿಸಿ, ನಾಲ್ಕನೇ ಬ್ಲಾಕಿಗೆ ಬಸ್ಸಿದೆ. ಬಂಕಿನ ಬೋರ್ಡು ದಿನಾ ಬೆಳಿಗ್ಗೆ ಆರಕ್ಕೆ ಬದಲಾಗಬಹುದು. ನಿಮ್ಮ ಮನೆಗೂ ಅಂಗಡಿಗೂ ಇರೋ ದೂರ ಬದಲಾಗೋಲ್ಲ.